ನಲವತ್ತೇಳನೇ ಕೊಕ್ಕೆ

ಕೋತ್ಕಾ ಬಂದರಿನ ಹಳೇ ಗೋದಾಮಿನಲ್ಲಿ
ಕೋಟು ಕಾಯುವ ಕೆಲಸ ನನ್ನದು.
ಕೋಟಿಗೆ ಮೂರು ಯೂರೋ, ಟೋಪಿ ಬಿಟ್ಟಿ.
ನವೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೇ ಕತ್ತಲು;
ಜನರ ಮುಖ ನೆನಪಿರುವುದಿಲ್ಲ ನನಗೆ,
ಕಾಲರಿನ ಜಿಡ್ಡು ನೆನಪಿರುತ್ತದೆ.

ಅವತ್ತು ‘ಒದ್ದೆ ಕಾಲುಚೀಲಗಳು’ ತಂಡ.
ಯಾರ್ಯಾರದೋ ಹಾಡೆತ್ತಿ, ಅದರ ಮಾತು ಕಿತ್ತು,
ತಮ್ಮ ಮಾತು ತುರುಕಿ ಹಾಡುವ ಮೂವರು ಪುಂಡರು.
ಅಕಾರ್ಡಿಯನ್ನಿಗೆ ಎಸ್ತೇರಿ, ಎದೆಮಟ್ಟದ ರಬ್ಬರ್ ಪ್ಯಾಂಟಿನಲ್ಲಿ,
ಈಗಷ್ಟೇ ಹೊಳೆಯಲ್ಲಿ ಗಾಳ ಬಿಟ್ಟು ಬಂದವಳಂತೆ.
ಡ್ರಮ್ಮಿನ ಜಾಗದಲ್ಲಿ ಇಡೀ ಅಡುಗೆಮನೆ:
ಬಾಣಲೆ, ಮುಚ್ಚಳ, ಯಾರದೋ ಅಜ್ಜಿಯ ಕಾಫಿ ಕೆಟಲು.
ಹಾಡುವ ತಾನೆಲಿ ಹಗಲೆಲ್ಲ ಹಲ್ಲಿನ ಡಾಕ್ಟರು,
ಅದೇ ಬಿಳಿ ಕೋಟಿನಲ್ಲಿ ವೇದಿಕೆ ಹತ್ತಿದ.
ಅದೊಂದು ಕೋಟು ನನ್ನ ಕೈಗೆ ಬರಲಿಲ್ಲ.

ಮೊದಲು ಒಂದು ಯುದ್ಧಗೀತೆ, ಸೊಳ್ಳೆಗಳ ಮೇಲೆ.
ಆಮೇಲೆ ಪ್ರೇಮಗೀತೆ, ಪಾರ್ಕಿಂಗ್ ದಂಡದ ಮೇಲೆ.
ನಮ್ಮ ಜನ ನಗುವುದು ನಿಧಾನ.
ಮೊದಲು ಅಕ್ಕಪಕ್ಕ ನೋಡುತ್ತಾರೆ,
ಪಕ್ಕದವನೂ ನೋಡುತ್ತಿದ್ದಾನೆಂದು ಖಾತ್ರಿಯಾದ ಮೇಲೆ
ಮೂಗಿನಿಂದ ಒಂದಿಷ್ಟು ಗಾಳಿ.
ಮೂರನೆಯದಕ್ಕೆ ಕಟ್ಟೆ ಒಡೆಯಿತು.
ಕಾಗದ ಕಾರ್ಖಾನೆಯ ಅಷ್ಟೂ ಮಂದಿ ಕೂತಿದ್ದ ಬೆಂಚು
ನಗುವಿನ ಭಾರಕ್ಕೆ ಹಿಂದಕ್ಕೆ ಮಗುಚಿತು;
ಬಿದ್ದವರು ಏಳದೆ ಅಲ್ಲೇ ಮಲಗಿ ನಕ್ಕರು.

ನಾಲ್ಕನೆಯದು ನನಗೆ ಗೊತ್ತಿತ್ತು. ಗೊತ್ತಿರದವರು ಯಾರು?
ಹತ್ತೊಂಬತ್ತರಲ್ಲಿ, ಕಟ್ಟಡದ ಕೆಳಗಿನ ಲಾಂಡ್ರಿ ಕೋಣೆಯಲ್ಲಿ,
ಅದನ್ನೇ ಕೇಳುತ್ತ ಅತ್ತಿದ್ದೇನೆ, ಯಂತ್ರ ನಿಲ್ಲುವ ತನಕ.
‘ದೀಪಸ್ತಂಭವೇ, ನಾ ಬೆನ್ನು ತಿರುಗಿಸಿದ ಮೇಲೂ
ಉರಿಯುತ್ತಿರುವೆಯಾ ನೀನು?’
ತಾನೆಲಿ ಕಣ್ಣು ಮುಚ್ಚಿದ, ಎದೆಗೆ ಕೈಯಿಟ್ಟ:

‘ಫ್ರಿಜ್ಜಿನ ದೀಪವೇ, ನಾ ಬಾಗಿಲು ಹಾಕಿದ ಮೇಲೂ
ಉರಿಯುತ್ತಿರುವೆಯಾ ನೀನು?
ಮೊನ್ನೆಯ ಮೀನು, ಮುದುಡಿದ ಮೂಲಂಗಿ,
ಅವುಗಳ ಜೊತೆ ಮಾತೇನು?’

ಯಾರದೋ ಉಣ್ಣೆಯ ತೋಳಿನಲ್ಲಿ ಮುಖ ಹುದುಗಿಸಿ ನಕ್ಕೆ,
ಆಮೇಲೆ ಆ ತೋಳನ್ನು ಒರೆಸಿಟ್ಟೆ.
ಕೊನೆಯ ಸಾಲಿನ ಒಬ್ಬ ಮುದುಕ ಮಾತ್ರ
ನಗಲಿಲ್ಲ. ತುಟಿ ಆಡಿಸುತ್ತಿದ್ದ,
ಹಳೆಯ ಮಾತಿಗಲ್ಲ, ಹೊಸ ಮಾತಿಗೆ.

ಎಲ್ಲ ಮುಗಿದ ಮೇಲೆ ಬಂದ. ಟೋಕನ್ ಕಳೆದಿತ್ತು.
‘ಕಪ್ಪು ಕೋಟು’ ಎಂದ.
ಮೂವತ್ತು ಕಪ್ಪು ಕೋಟು ಇನ್ನೂ ನೇತಾಡುತ್ತಿದ್ದವು.
ಜೇಬಿನಲ್ಲೇನಿದೆ ಹೇಳಿ ಎಂದೆ, ನಿಯಮ ಹಾಗಿದೆ.
‘ಕೆಮ್ಮಿನ ಗುಳಿಗೆ. ಹಾಮಿನಾದಿಂದ ಬಂದ ಬಸ್ಸಿನ ಚೀಟಿ.
ಇನ್ನೊಂದು ಕಾಗದ: ಹಾಡಿನ ಗೌರವಧನ,
ಈ ವರ್ಷದ್ದು, ಎರಡು ಯೂರೋ ನಲವತ್ತು ಸೆಂಟು.’
ಸಿಕ್ಕಿತು, ನಲವತ್ತೇಳನೇ ಕೊಕ್ಕೆಯಲ್ಲಿ.
ಕಾಗದದ ಮೇಲೆ ಹೆಸರಿತ್ತು, ಔಲಿಸ್ ಹುತ್ತುನೆನ್.
ನನ್ನ ಕ್ಯಾಸೆಟ್ಟಿನ ಬೆನ್ನ ಮೇಲೆ
ಇರುವೆಯಷ್ಟು ಅಕ್ಷರದಲ್ಲಿ ಇದ್ದ ಹೆಸರು.

ಕ್ಷಮಿಸಿ ಎಂದೆ, ಹಾಡು ಕೆಡಿಸಿದವಳು ನಾನೇ ಎಂಬಂತೆ.
ಒಂದು ತೋಳು ತೂರಿಸುತ್ತ ಆತ ಹೇಳಿದ:
‘ದೀಪಸ್ತಂಭದ ಹತ್ತಿರ ನಾನು ಹೋದವನೇ ಅಲ್ಲ.
ಅವಳು ಹೊರಟುಹೋದ ವಾರ, ರಾತ್ರಿ ಮೂರಕ್ಕೆ,
ಫ್ರಿಜ್ಜು ತೆಗೆದು ಅದರ ಮುಂದೆ ಕೂತಿದ್ದೆ.
ಅಡುಗೆಮನೆಯ ಬಲ್ಬು ಸುಟ್ಟಿತ್ತು, ಹೊಸದು ತಂದಿರಲಿಲ್ಲ.
ಬರೆದದ್ದು ಫ್ರಿಜ್ಜು ಎಂದೇ.
ನಗುತ್ತಾರೆಂದು ಹೆದರಿ ತಿದ್ದಿದೆ.’
ಇನ್ನೊಂದು ತೋಳು ಸಿಗದೆ ಗಾಳಿಯಲ್ಲಿ ತಡಕಾಡಿದ,
ಕೌಂಟರಿನ ಮೇಲೆ ಬಗ್ಗಿ ಹಿಡಿದುಕೊಟ್ಟೆ.
‘ಆ ಹಲ್ಲಿನ ಡಾಕ್ಟರಿಗೆ ಹೇಗೆ ಗೊತ್ತಾಯಿತೋ.
ಮೂಲಂಗಿ ಮಾತ್ರ ಇರಲಿಲ್ಲ.’
ಗುಂಡಿ ಹಾಕಿಕೊಂಡ. ಒಂದು ತಪ್ಪಿ ಹಾಕಿದ. ಹೋದ.

ಮನೆಗೆ ಬಂದವಳೇ, ಬೂಟು ಬಿಚ್ಚದೆ,
ಫ್ರಿಜ್ಜಿನ ಬಾಗಿಲು ತಟಕ್ಕನೆ ಎಳೆದೆ,
ಕಳ್ಳನನ್ನು ಹಿಡಿಯುವವಳ ಹಾಗೆ.
ಉರಿಯುತ್ತಿತ್ತು.
ಅದು ಉತ್ತರವಲ್ಲವೆಂದು ನನಗೂ ಗೊತ್ತು.
ಮುಚ್ಚಿದೆ. ಮತ್ತೆ ತೆರೆದೆ.
ತೆರೆದದ್ದಾಯಿತಲ್ಲ ಎಂದು
ಒಂದು ಮೊಟ್ಟೆ ಬೇಯಿಸಿಕೊಂಡೆ.