ಒಂಬತ್ತನೆಯ ಕಲಂ

ಸೋಮವಾರ ಪರೀಕ್ಷೆ.
ವಿದೇಶೀಯರ ಕಾಯ್ದೆ, ಒಂಬತ್ತನೆಯ ಕಲಂ:
ತಾನು ಪರದೇಶಿಯಲ್ಲವೆಂದು ರುಜುವಾತು ಮಾಡುವ ಹೊರೆ
ಆ ವ್ಯಕ್ತಿಯ ಮೇಲೆಯೇ.
ಸಿದ್ದಾಪುರದ ತೋಟದ ಆಫೀಸಿನಲ್ಲಿ ಕೂತು
ಬಾಯಿಪಾಠ ಮಾಡುತ್ತಿದ್ದೇನೆ.
ಹೊರಗೆ ಕಾಫಿ ಹಣ್ಣಿನ ಚೀಲ ಕೆಡವುವ ಸದ್ದು.

ಠಾಣೆಯಿಂದ ಫಾರಂ ಬಂದಿವೆ, ಲೈನ್ ಮನೆಗೆ ಇಷ್ಟೆಂದು.
ರೈಟರಿಗೆ ಜ್ವರ. ಬರೆಯುವವಳು ನಾನು.
ಮೊಯ್ನಾ ಖಾತೂನ್ ಕೈಯ ಅಂಟು ಲಂಗಕ್ಕೊರೆಸಿ
ಪ್ಲಾಸ್ಟಿಕ್ಕಿನ ಗಂಟು ಬಿಚ್ಚಿದಳು:
ಆಧಾರಿನಲ್ಲಿ ಮೊಯ್ನಾ,
ಶಾಲೆಯ ಚೀಟಿಯಲ್ಲಿ ಮೈನಾ,
ಮಡಿಕೆ ಹರಿದ ಇನ್ನೊಂದರಲ್ಲಿ
ಬರೀ ಮೈ.

ಖಾಯಂ ವಿಳಾಸ?
ಅವಳ ಹಿಂದಿ, ನನ್ನ ಹಿಂದಿ, ಎರಡೂ ಕುಂಟು.
ಅಂಗೈಯನ್ನು ಮೇಜಿನ ಮೇಲೆ
ಮೆಲ್ಲಗೆ ಅಂಚಿನ ತನಕ ಸರಿಸಿ
ಬೀಳಿಸಿದಳು.
ಊರು. ನದಿಗೆ.

ಕರಡಿಗೋಡಿನ ಹೊಳೆದಂಡೆಯಲ್ಲಿ ನಮ್ಮ ಮನೆ.
ಕಾವೇರಿ ಕಿಟಕಿ ಹತ್ತಿದ ರಾತ್ರಿ
ಅಮ್ಮ ಎತ್ತಿಕೊಂಡು ಓಡಿದ್ದು
ಅಕ್ಕಿಯನ್ನಲ್ಲ, ರೇಷನ್ ಕಾರ್ಡನ್ನು.
ಅಜ್ಜ ಇರಿಟ್ಟಿಯಿಂದ ಮಾಕುಟ್ಟದ ಕಾಡು ಹತ್ತಿ ಬಂದಾಗ
ಕೊಡಗೇ ಒಂದು ರಾಜ್ಯ.
ಗಡಿಯಲ್ಲಿ ತಡೆದದ್ದು ಜಿಗಣೆ ಮಾತ್ರವಂತೆ,
ಅದೂ ಹೆಸರು ಕೇಳದೆ.
ಇದು ಯಾವ ಪ್ರಶ್ನೆಪತ್ರಿಕೆಗೂ ಬರುವುದಿಲ್ಲ.

ವಿಳಾಸದ ಕಾಲಂ ಖಾಲಿ ಬಿಟ್ಟು
ಪೆನ್ನಿನ ಮುಚ್ಚಳ ಹಾಕಿದೆ.
ಅವಳ ಕಣ್ಣು ನನ್ನ ಪುಸ್ತಕದ ಮೇಲೆ.
"ಇದರಲ್ಲಿ ನಾನಿದ್ದೇನಾ?"
ಇದ್ದೀಯ, ನಲವತ್ತೆರಡನೆಯ ಪುಟ.
"ಓದು ಮತ್ತೆ."
ಓದಿದೆ. ಹೊರೆ ಎಂಬಲ್ಲಿಗೆ ಬಂದಾಗ
ಹಿಂದಿಯ ಶಬ್ದ ಸಿಗದೆ
ಬಾಗಿಲಾಚೆಯ ಚೀಲ ತೋರಿಸಿದೆ.

"ಅಷ್ಟೇನಾ?" ಎಂದು
ನಕ್ಕುಬಿಟ್ಟಳು.