ಪೋಲೆ

ಹೆಸರು ಮ್ವೆಂಡೆ ಅಂದೆ. ರಿಜಿಸ್ಟರಿನ ಹುಡುಗ
ಪೆನ್ನು ಎತ್ತಿದ, ಇಳಿಸಿದ, ಇನ್ನೊಂದು ಸಲ ಕೇಳಿದ.
ಟಮಕದ ಹಾಸ್ಟೆಲಿನ ಅಡುಗೆಮನೆಯಲ್ಲಿ
ಸಂಜೆಯೊಳಗೆ ಅದು ಮೆಂತೆ ಆಗಿತ್ತು.
ಮೆಂತೆ, ಊಟಕ್ಕೆ ಬಾ.
ಮೆಂತೆ, ಮುದ್ದೆ ಅಗೀಬಾರದು, ನುಂಗು.
ನಾನು ಅಗಿದೆ. ನಮ್ಮ ಕಡೆ ಮೆಕ್ಕೆಜೋಳದ ಬಿಳಿ ಮುದ್ದೆ,
ಅದಕ್ಕೆ ಇಂಥ ಕಾನೂನು ಇಲ್ಲ.

ಎರಡನೇ ವರ್ಷ ವಾರ್ಡಿಗೆ ಹಾಕಿದರು.
ಪಾಠವೆಲ್ಲ ಇಂಗ್ಲಿಷಿನಲ್ಲಿ. ನೋವು ಮಾತ್ರ
ಇಂಗ್ಲಿಷಿನಲ್ಲಿ ಯಾರಿಗೂ ಇರಲಿಲ್ಲ.
ಎಲ್ಲಿ ನೋವು ಎಂದು ಕೇಳುವುದನ್ನು ಒಂದೇ ದಿನದಲ್ಲಿ ಕಲಿತೆ,
ಉತ್ತರ ತಿಳಿಯುವುದಕ್ಕೆ ಎಂಟು ತಿಂಗಳು ಹಿಡಿಯಿತು.
ಒಬ್ಬಳಿಗೆ ಚುಳ್ ಅನ್ನುತ್ತದೆ, ಪಕ್ಕದವಳಿಗೆ ಜುಮ್,
ಹೊಟ್ಟೆ ನುಲಿಯುತ್ತದೆ, ತಲೆ ಸಿಡಿಯುತ್ತದೆ,
ಕಣ್ಣಲ್ಲಿ ಚುರುಚುರು.
'ಎದೆ ಹಿಂಡಿದಂಗೆ ಅಂದರೆ ಬರೀತಾ ಕೂರಬೇಡ,
ಓಡಿ ಬಂದು ನನ್ನ ಕರಿ,' ಅಂದಿದ್ದರು ಸಿಸ್ಟರ್ ಲೀಲಾಮಣಿ.

ಕ್ಲಾಕ್ ಟವರ್ ಹತ್ತಿರ ಹತ್ತು ರೂಪಾಯಿಗೆ ಕೊಂಡ ಪುಸ್ತಕ,
ಮೊದಲ ಪುಟದಲ್ಲೇ 'ಪೀಕ್ತಾ ಉಂದಿ' ಅಂತ ಬರೆದುಕೊಂಡಿದ್ದೆ.
ಮುಳಬಾಗಿಲ ಕಡೆಯ ಅಜ್ಜಿಯೊಬ್ಬಳು
ಮೀನಖಂಡ ತೋರಿಸಿ ಹೇಳಿದ್ದು.
ಇದು ಕನ್ನಡವಲ್ಲ, ತೆಲುಗು, ಎಂದು ಸಿಸ್ಟರ್ ಗೀಟು ಹಾಕಿದರು.
ಮಾರನೇ ದಿನ ಡಾಕ್ಟರು ಬಂದಾಗ
ತಾವೇ ಅಜ್ಜಿಯ ಕಾಲು ಮುಟ್ಟಿ,
'ಪೀಕ್ತಾ ಉಂದಾ ಅವ್ವಾ?' ಅಂದರು.
ಗೀಟಿನ ಕೆಳಗೆ ನಾನು ಅದನ್ನೇ ಮತ್ತೊಮ್ಮೆ ಬರೆದೆ.

ಹನ್ನೊಂದನೇ ಬೆಡ್ಡಿನ ಪಿಳ್ಳಪ್ಪ.
ಹೇಗಾಯಿತು ಎಂದರೆ, 'ಮಂಡಿ ಹೋಯ್ತು ಕಣಮ್ಮ ಮಂಡೀಲಿ.'
ಎರಡು ದಿನ ನಾನು ಇದರ ಸುತ್ತ ತಿರುಗಿದೆ.
ಒಂದು ಮಂಡಿ ಕಾಲಿನದು,
ಇನ್ನೊಂದರಲ್ಲಿ ನಲವತ್ತು ವರ್ಷದಿಂದ ಟೊಮ್ಯಾಟೊ ಕ್ರೇಟು ಹೊರುತ್ತಾನೆ.

ಅವನ ರಕ್ತನಾಳ ಸಿಗದೆ ಸೂಜಿಯನ್ನು ಎರಡನೇ ಸಲ ಚುಚ್ಚಿದೆ.
ಬಾಯಿ ತನ್ನಷ್ಟಕ್ಕೆ ಅಂದಿತು: ಪೋಲೆ, ಪೋಲೆ.
'ಯಾರಮ್ಮಾ ಪೋಲಿ?' ಎದ್ದು ಕೂತ ಮುದುಕ.
'ಅರವತ್ತೆಂಟು ತುಂಬ್ತು ನಂಗೆ! ಈಗ ಎಲ್ಲಿ ಪೋಲಿ ಬೀಳ್ಲಿ?'
ಡ್ರಿಪ್ ಸ್ಟ್ಯಾಂಡು ಹಿಡಿದುಕೊಂಡು ಇಡೀ ವಾರ್ಡು ನಕ್ಕಿತು.

ಬೈಗುಳವಲ್ಲ ತಾತ.
ನಮ್ಮಲ್ಲಿ ಯಾರಾದರೂ ಎಡವಿದರೆ, ಯಾರದಾದರೂ ಬಸ್ಸು ತಪ್ಪಿದರೆ,
ಕೊಡ ಒಡೆದರೆ, ಹೆತ್ತವರು ಸತ್ತರೆ,
ನೋಡಿದವರು ಪೋಲೆ ಅನ್ನುತ್ತಾರೆ.
ತಪ್ಪು ತನ್ನದಲ್ಲದಿದ್ದರೂ ಅನ್ನುತ್ತಾರೆ.
ಇಷ್ಟನ್ನು ನನ್ನ ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ
ಬಾಟಲಿ ಅರ್ಧ ಇಳಿದಿತ್ತು.

'ಟೊಮ್ಯಾಟೊಗೆ ಏನಂತೀರಿ?'
'ನ್ಯಾನ್ಯಾ.'
'ಅಜ್ಜಿಗೆ?'
'ಅದಕ್ಕೂ ನ್ಯಾನ್ಯಾ.'
ಪಿಳ್ಳಪ್ಪ ಸೂರು ನೋಡುತ್ತ ಲೆಕ್ಕ ಹಾಕಿದ.
'ಕ್ರೇಟಿಗೆ ಹದಿನೈದು ಕೇಜಿ ಅಜ್ಜಿ.
ದಿನಕ್ಕೆ ಇನ್ನೂರು ಕ್ರೇಟು.
ಮಂಡಿ ಉಳೀತದಾ ಹೇಳು.'

ಡಿಸ್ಚಾರ್ಜಿನ ದಿನ ಮಗಳ ಭುಜ ಹಿಡಿದು ನಿಂತವನು
ನನ್ನನ್ನು ತಿರುಗಿಯೂ ನೋಡಲಿಲ್ಲ, ಆಟೋ ಕಾಯುತ್ತಿತ್ತು.

ಭಾನುವಾರ ಮಚಾಕೋಸಿನಿಂದ ಅಜ್ಜಿ.
ಕಾಲೇಜು ಹೇಗಿದೆ, ತಿನ್ನುತ್ತೀಯಾ, ಚರ್ಚಿಗೆ ಹೋಗುತ್ತೀಯಾ,
ಕೊನೆಗೆ, ಹಣ ಮುಗಿಯುವ ಮೊದಲು, ಮೆಲ್ಲಗೆ:
ಮೊಣಕಾಲಲ್ಲಿ ಏನೋ.
ಯಾವ ಥರ ಎಂದು ಕೇಳಬೇಕು. ಕೇಳಲು ಹೋದೆ.
ನಮ್ಮ ಮಾತಿನಲ್ಲಿ ಚುಳ್‌ಗೆ ಏನು? ಜುಮ್‌ಗೆ ಏನು?
ಇದ್ದೇ ಇರುತ್ತವೆ ಆ ಪದಗಳು.
ಹತ್ತೊಂಬತ್ತಕ್ಕೆ ಮನೆ ಬಿಟ್ಟೆ,
ಅಲ್ಲಿಯವರೆಗೆ ನನಗೆ ಎಲ್ಲೂ ನೋಯುತ್ತಿರಲಿಲ್ಲ.

ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು
ಸಮುದ್ರದಾಚೆಗೆ ಕೂಗಿದೆ:
ನ್ಯಾನ್ಯಾ, ಚುಳ್ ಅನ್ನುತ್ತಾ? ಇಲ್ಲಾ ಪೀಕ್ತಾ ಉಂದಾ?

ಸ್ವಲ್ಪ ಹೊತ್ತು ಬರೀ ಗಾಳಿ.
ಮತ್ತೆ ಅವಳು, ನನಗೇ ಏನೋ ಆಗಿದೆ ಎಂಬಂತೆ,
ಪೋಲೆ ಮಗಳೇ, ಅಂದಳು. ಪೋಲೆ.