ಎರಡು ನಿರೂಪ

ದುರ್ಗದ ಬುಡದಲ್ಲಿ ನಮ್ಮ ದಂಡು ಇಳಿದು ಮೂರು ತಿಂಗಳು.
ನಾನು ಲೆಕ್ಕಿಗ. ಕತ್ತಿ ಹಿಡಿದವನಲ್ಲ, ಬಳಪ ಹಿಡಿದವನು.
ಹುಣಸೆಬೀಜದ ಅಂಟು ಬಳಿದ ಕರೀ ಬಟ್ಟೆಯ ಕಡತ
ಬಿಡಿಸಿದರೆ ಹನ್ನೆರಡು ಮೊಳ,
ಮಡಿಸಿದರೆ ತೊಡೆಯ ಮೇಲೊಂದು ಹಲಗೆ.
ಇಷ್ಟರೊಳಗೇ ಎತ್ತು, ಕುದುರೆ, ಹುರುಳಿ, ಸೀಸ, ತುಪ್ಪ,
ಸತ್ತವರು, ಸಂಬಳ ಬಾಕಿ ಉಳಿದವರು.

ಮೊದಲ ನಿರೂಪ ಬಂದಾಗ
ಗುಂಡು ಹಾರುತ್ತಿದ್ದರೂ ಸಂಧಾನದ ಮಾತಿತ್ತು:
"ಕೋಟೆಯ ಕಡೆಯಿಂದ ತಪ್ಪಿಸಿಕೊಂಡು ಬಂದ ತೊತ್ತು, ಜೀತದಾಳು
ಯಾರ ಪೈಕಿಯೋ ಅವರಿಗೇ ಒಪ್ಪಿಸತಕ್ಕದ್ದು.
ಒಪ್ಪಿಸಿದ್ದಕ್ಕೆ ರಸೀತಿ ಪಡೆಯತಕ್ಕದ್ದು."

ಆ ವಾರ ಬಂದವನು ಸಣ್ಣಗಾದ್ರಿ.
ಕಾರೆಮುಳ್ಳಿನ ಪೊದೆಯಲ್ಲಿ ತೆವಳಿ ಬಂದಿದ್ದ.
ಬೆನ್ನ ತುಂಬ ಗೀರು, ಹಳೆಯದು ಯಾವುದು ಹೊಸದು ಯಾವುದು
ನಾನು ಕೇಳಲಿಲ್ಲ, ಅದಕ್ಕೆ ಕಡತದಲ್ಲಿ ಅಂಕಣವಿಲ್ಲ.
ಅಜ್ಜ ತಿಂದ ಎರಡು ಖಂಡುಗ ನವಣೆಗೆ ಅಪ್ಪ ದುಡಿದ,
ಅಪ್ಪನ ಬಾಕಿಗೆ ಇವನು.
"ಬತೇರಿಗೆ ಮಣ್ಣು ಹೊರ್ತಿದ್ದೆ ಬುದ್ದಿ,
ನೀವು ಹಗಲೆಲ್ಲ ಕೆಡವಿದ್ದನ್ನ ರಾತ್ರಿ ನಾನೇ ಕಟ್ತಿದ್ದೆ" ಎಂದು ನಕ್ಕ.
ಅಂಬಲಿ ಕೊಟ್ಟೆವು. ಕುಡಿದ. ಬಟ್ಟಲು ತೊಳೆದು ಬೋರಲಿಟ್ಟ.
ಹೊತ್ತು ಮೂಡುವ ಮುಂಚೆ ಬಿಳಿ ಬಾವುಟದ ಜೊತೆ ಕಳಿಸಿ
ರಸೀತಿ ಬರೆಸಿಕೊಂಡೆ.
ಅಕ್ಷರ ದುಂಡಗಿತ್ತು. ಆ ಕಡೆಯ ಲೆಕ್ಕಿಗನೂ
ಒಳ್ಳೆಯ ಗುರುವಿನ ಕೈಲಿ ಕಲಿತವನೇ.

ರಾತ್ರಿ ಫಿರಂಗಿ ಸುಮ್ಮನಾದ ಮೇಲೆ
ಮೇಲಿನಿಂದ ಮಣ್ಣು ಬಡಿಯುವ ಸದ್ದು ಇಳಿಯುತ್ತಿತ್ತು.
ಅದು ಅವನೇ ಎಂದುಕೊಂಡರೆ ನಿದ್ದೆ.
ಸದ್ದಿಲ್ಲದ ರಾತ್ರಿ
ಬರೀ ಹೊರಳಾಟ.

ಹತ್ತೊಂಬತ್ತನೇ ದಿನ ಮಾತು ಮುರಿಯಿತು. ಎರಡನೇ ನಿರೂಪ:
"ಬಂದವರನ್ನು ಹಿಂದಕ್ಕೆ ಕಳಿಸಕೂಡದು.
ಒಂದು ಆಳು ಇತ್ತ ಬಂದರೆ ಶತ್ರುವಿನ ಗೋಡೆಗೆ
ದಿನಕ್ಕೆ ನೂರು ಬುಟ್ಟಿ ಮಣ್ಣು ಕಡಿಮೆ.
ವಶಪಡಿಸಿಕೊಂಡ ಸ್ವತ್ತೆಂದು ಬರೆದುಕೊಂಡು
ಕಂದಕದ ಕೆಲಸಕ್ಕೆ ಹಚ್ಚತಕ್ಕದ್ದು."
ಕರುಣೆಯ ಮಾತು ಎರಡರಲ್ಲೂ ಇರಲಿಲ್ಲ.
ಒಂದೇ ಮೊಹರು, ಒಂದೇ ಅರಗು.
ಎತ್ತಿನ ಕೆಳಗೆ, ಹೇಸರಗತ್ತೆಯ ಮೇಲೆ
ಗೆರೆ ಎಳೆದು ಹೊಸ ಅಂಕಣ ಮಾಡಿದೆ.

ಬೋರಕ್ಕ ಬಂದಳು, ಸೊಂಟದಲ್ಲಿ ಕೂಸು.
"ಸಣ್ಣಗಾದ್ರಿ ಅಂತ, ನಮ್ಮಣ್ಣ. ಮುಂದಾಗೇ ಬಂದಾನೆ. ಎಲ್ಲದಾನೆ ಬುದ್ದಿ?"
ಕಡತ ಬಿಡಿಸಿದೆ. ಹುಡುಕುವವನ ಹಾಗೆ ಬೆರಳಾಡಿಸಿದೆ.
ಆ ಮಡಿಕೆಯನ್ನು ಹೋದ ಅಮಾಸೆಗೆ ಒರೆಸಿ
ಇದ್ದಿಲು ಹಚ್ಚಿ ಒಣಗಿಸಿದ್ದೆ. ಅಲ್ಲೀಗ ಹುರುಳಿಯ ಲೆಕ್ಕ.
"ಇಲ್ಲಿಲ್ಲ" ಎಂದೆ. ಸುಳ್ಳಲ್ಲ.
ಅವಳು ಹುರುಳಿಯ ಲೆಕ್ಕವನ್ನೇ ನೋಡುತ್ತ ನಿಂತಳು,
ಓದು ಬಂದವಳ ಹಾಗೆ.

ನಮ್ಮ ಬಕ್ಷಿಯವರ ಡೇರೆಗೆ ನೀರು ಹೊರುವ ಕೆಂಗಿ
ಇದನ್ನೆಲ್ಲ ಕೇಳಿಸಿಕೊಂಡಿದ್ದಳು.
ಹೊಳೆಯಾಚೆಯ ಯಾವುದೋ ಸಂತೆಯಲ್ಲಿ ಏಳು ಹಣಕ್ಕೆ
ಅವಳನ್ನು ಕೊಂಡದ್ದು, ಬರೆದವನು ನಾನೇ.
ಮರುದಿನ ಕೊಡ ಇಳಿಸಿ, ಮೆಲ್ಲಗೆ,
ಸೊಪ್ಪಿನ ಬೆಲೆ ಕೇಳುವವಳ ಹಾಗೆ ಕೇಳಿದಳು:
"ಅಲ್ಲಿಂದ ಇಲ್ಲಿಗೆ ಬಂದ್ರೆ ವಾಪಸ್ ಕಳಸಂಗಿಲ್ಲ.
ಇಲ್ಲಿಂದ ಅಲ್ಲಿಗೆ ಹೋದ್ರೆ?
ಆ ಕಡೆ ನಿರೂಪ ಏನೈತೆ ಸ್ವಾಮಿ?"
ನಗು ಬರಬೇಕಿತ್ತು.
ದುಂಡಗಿನ ಅಕ್ಷರದ ಆ ಲೆಕ್ಕಿಗ ನೆನಪಾದ.
ಅವನ ಕಡತದಲ್ಲೂ ಇದೇ ಅಂಕಣ ಇದ್ದೀತು,
ಎತ್ತಿನ ಕೆಳಗೆ.

ಎಂಟು ದಿನದ ಮೇಲೆ, ಬೆಳಗ್ಗೆ,
ಚಂದ್ರವಳ್ಳಿಯ ದಾರಿಯಲ್ಲಿ ಕೊಡ ಮಾತ್ರ ಸಿಕ್ಕಿತು.
ಹೋದದ್ದೇನು ಬರೆದುಕೋ, ಎಂದರು ಬಕ್ಷಿಯವರು.
ಬರೆದೆ: ತಾಮ್ರದ ಕೊಡ ಒಂದು. ಸಿಕ್ಕಿದೆ. ಕಂಠ ನೆಗ್ಗಿದೆ.
"ಮತ್ತೆ?"
ಬಳಪ ಸವೆದಿದೆ, ಹೊಸದು ತರಿಸಬೇಕು ಎಂದೆ.

ಕಂದಕದಲ್ಲಿ ಬೋರಕ್ಕ ಬುಟ್ಟಿ ಹೊರುತ್ತಿದ್ದಳು
ಅಣ್ಣ ಕಟ್ಟಿದ ಗೋಡೆಗೆ ಬೆನ್ನು ಮಾಡಿ.
ಬೇರೆಲ್ಲೂ ನೆರಳಿಲ್ಲದ ಬಯಲು.
ಕೂಸು ಮಲಗಿತ್ತು
ಫಿರಂಗಿಯ ಗಾಲಿಯ ಕೆಳಗೆ.